ಹಿಮವೋ ಬೂದಿಯೋ: ಯಾವ ಎಚ್ಚರಿಕೆಗೆ ಯಾವ ಸಿದ್ಧತೆ

ಚಳಿಗಾಲದ ಬಿರುಗಾಳಿಗೆ ಸಜ್ಜಾದ ಮನೆ ಜ್ವಾಲಾಮುಖಿಯ ಬೂದಿಗೂ ಸಜ್ಜಾದಂತೆಯೇ ಎಂದು ಬಹಳ ಮಂದಿ ನಂಬಿದ್ದಾರೆ. ಕುಡಿಯುವ ನೀರು, ಟಾರ್ಚ್, ಕಂಬಳಿ, ಕೆಡದ ಆಹಾರ, ಔಷಧಿ ಇಷ್ಟರ ಮಟ್ಟಿಗೆ ಅದು ಸರಿ. ಅದರಾಚೆಗೆ ಎರಡರ ದಾರಿ ಬೇರೆ, ಎಷ್ಟೋ ಕಡೆ ಒಂದಕ್ಕೊಂದು ಉಲ್ಟಾ. ಹಿಮದಲ್ಲಿ ಸಿಕ್ಕಿಬಿದ್ದ ಕಾರಿನ ಎಂಜಿನ್ನನ್ನು ಆಗಾಗ ಓಡಿಸಬೇಕು, ಬೂದಿಯಲ್ಲಿ ಸಿಕ್ಕಿಬಿದ್ದ ಕಾರಿನ ಎಂಜಿನ್ ಆರಿಸಬೇಕು. ಒಲೆ ಉರಿಯುವ ಮನೆಗೆ ಹೊರಗಿನ ಗಾಳಿ ಬೇಕು, ಬೂದಿ ಬೀಳುವಾಗ ಅದೇ ಮನೆಯ ಸಂದುಗೊಂದುಗಳನ್ನು ಮುಚ್ಚಬೇಕು.

ಅಲಾಸ್ಕಾದ ಆಂಕರೇಜ್ ಸುತ್ತಮುತ್ತ, ವಾಷಿಂಗ್ಟನ್ ರಾಜ್ಯದ ರೈನಿಯರ್ ಪರ್ವತದ ತಪ್ಪಲು, ಐಸ್‌ಲ್ಯಾಂಡಿನ ರೇಕ್ಯಾನೆಸ್ ಪರ್ಯಾಯ ದ್ವೀಪ, ಜಪಾನಿನ ಹಿಮ ಬೀಳುವ ಬೆಟ್ಟಗಳು, ಇಲ್ಲೆಲ್ಲ ಎರಡೂ ಬಗೆಯ ಎಚ್ಚರಿಕೆಗಳು ಒಂದೇ ವಾರದಲ್ಲಿ ಬರಬಹುದು. ಒಂದಕ್ಕೆ ಮಾಡಿದ ಉಪಾಯ ಇನ್ನೊಂದರಲ್ಲಿ ಪ್ರಾಣಕ್ಕೆ ಬರದಂತೆ ಆಯ್ಕೆ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ವಾಚ್ ದೊಡ್ಡದೋ, ಅಡ್ವೈಸರಿ ದೊಡ್ಡದೋ

ಅಮೆರಿಕದಲ್ಲಿ ಮೊದಲ ಗೊಂದಲ ಎಚ್ಚರಿಕೆಯ ಪದಗಳಲ್ಲೇ ಇದೆ. ಹವಾಮಾನ ಇಲಾಖೆ, ಅಂದರೆ ನ್ಯಾಷನಲ್ ವೆದರ್ ಸರ್ವಿಸ್, ವಾಚ್, ಅಡ್ವೈಸರಿ, ವಾರ್ನಿಂಗ್ ಎಂಬ ಮೂರು ಪದ ಬಳಸುತ್ತದೆ. ಜ್ವಾಲಾಮುಖಿಗಳನ್ನು ನೋಡಿಕೊಳ್ಳುವ ಭೂವಿಜ್ಞಾನ ಸಮೀಕ್ಷೆ ಯುಎಸ್‌ಜಿಎಸ್ ಕೂಡ ಇದೇ ಮೂರು ಪದ ಬಳಸುತ್ತದೆ, ಆದರೆ ಅರ್ಥದ ಜೋಡಣೆ ಬೇರೆ.

ಹವಾಮಾನದಲ್ಲಿ 'ವಿಂಟರ್ ಸ್ಟಾರ್ಮ್ ವಾಚ್' ಎಂದರೆ ಒಂದೆರಡು ದಿನದಲ್ಲಿ ದೊಡ್ಡ ಬಿರುಗಾಳಿ ಬರುವ ಸಾಧ್ಯತೆ ಇದೆ, ಇನ್ನೂ ಖಚಿತವಿಲ್ಲ ಎಂದು. 'ವಾರ್ನಿಂಗ್' ಎಂದರೆ ಬರುವುದು ಹೆಚ್ಚುಕಡಿಮೆ ಖಚಿತ, ಇಲ್ಲವೇ ಬಂದೇ ಬಿಟ್ಟಿದೆ. 'ಅಡ್ವೈಸರಿ'ಯೂ ಅಷ್ಟೇ ಖಚಿತ, ತೀವ್ರತೆ ಮಾತ್ರ ಕಡಿಮೆ. ವಾಚ್ ಹೇಳುವುದು ಸಾಧ್ಯತೆಯ ಮಾತು, ಅಡ್ವೈಸರಿ ಹೇಳುವುದು ತೀವ್ರತೆಯ ಮಾತು. ಹಾಗಾಗಿ ಈ ಎರಡನ್ನು ಒಂದೇ ಏಣಿಯ ಮೆಟ್ಟಿಲುಗಳಂತೆ ನೋಡಲಾಗದು.

ಜ್ವಾಲಾಮುಖಿಯಲ್ಲಿ ಮಾತ್ರ ನಿಜವಾದ ಏಣಿಯೇ ಇದೆ: ನಾರ್ಮಲ್, ಅಡ್ವೈಸರಿ, ವಾಚ್, ವಾರ್ನಿಂಗ್. ಅಡ್ವೈಸರಿ ಎಂದರೆ ಮಾಮೂಲಿಗಿಂತ ಹೆಚ್ಚು ಚಟುವಟಿಕೆ. ವಾಚ್ ಎಂದರೆ ಚಟುವಟಿಕೆ ಏರಿ ಸ್ಫೋಟದ ಸಾಧ್ಯತೆ ಹೆಚ್ಚಿದೆ, ಅಥವಾ ಅಪಾಯ ಸೀಮಿತವಾದ ಸ್ಫೋಟ ಆಗಲೇ ನಡೆಯುತ್ತಿದೆ. ಇದನ್ನು ಗಮನಿಸಿ: ಬಿರುಗಾಳಿಯ ವಾಚ್ ಬಂದಾಗ ಆಕಾಶ ತಿಳಿಯಾಗಿರಬಹುದು, ಜ್ವಾಲಾಮುಖಿಯ ವಾಚ್ ಬಂದಾಗ ಬೆಟ್ಟ ಆಗಲೇ ಉಗುಳುತ್ತಿರಬಹುದು. 'ವಾಚ್ ತಾನೆ, ವಾರ್ನಿಂಗ್ ಬರಲಿ ನೋಡೋಣ' ಎನ್ನುವ ಹವಾಮಾನದ ಅಭ್ಯಾಸ ಇಲ್ಲಿ ಸಲ್ಲದು.

ಇದರ ಜೊತೆಗೆ ವಿಮಾನಗಳಿಗೆಂದು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಿವೆ. ಸಾಮಾನ್ಯವಾಗಿ ನೆಲದ ಮಟ್ಟ, ಬಣ್ಣ ಎರಡೂ ಒಟ್ಟಿಗೇ ಏರಿಳಿಯುತ್ತವೆ. ಲಾವಾ ಊರಿನತ್ತ ಹರಿಯುತ್ತಿದ್ದು ಬೂದಿ ಮೇಲಕ್ಕೇಳದಿದ್ದರೆ ನೆಲಕ್ಕೆ ವಾರ್ನಿಂಗ್, ವಿಮಾನಕ್ಕೆ ಕಿತ್ತಳೆ ಎಂದು ಬೇರೆಯಾಗುವುದೂ ಉಂಟು. ಮನೆಯಲ್ಲಿರುವವರು ಪದ ನೋಡಬೇಕು, ಟಿಕೆಟ್ ಕೈಯಲ್ಲಿರುವವರು ಬಣ್ಣ ನೋಡಬೇಕು. 'ಅನ್‌ಅಸೈನ್ಡ್' ಎಂದು ಕಂಡರೆ ಅದನ್ನು ಹಸಿರೆಂದು ಓದಬೇಡಿ. ಆ ಬೆಟ್ಟದ ಮೇಲೆ ಸಾಕಷ್ಟು ಉಪಕರಣಗಳಿಲ್ಲ, ಹಾಗಾಗಿ ಮಟ್ಟ ಹೇಳಲಾಗದು ಎಂದಷ್ಟೇ ಅದರ ಅರ್ಥ.

ಐಸ್‌ಲ್ಯಾಂಡಿನಲ್ಲಿ ಗೊಂದಲ ಬಣ್ಣದ್ದು. ಅಲ್ಲಿ ಹವಾಮಾನದ ಎಚ್ಚರಿಕೆಯೂ ಹಳದಿ, ಕಿತ್ತಳೆ, ಕೆಂಪು, ಜ್ವಾಲಾಮುಖಿಯ ವಿಮಾನ ಸಂಕೇತವೂ ಅದೇ ಬಣ್ಣಗಳು. ನಾಗರಿಕ ರಕ್ಷಣಾ ಇಲಾಖೆ ಮಾತ್ರ ಬಣ್ಣ ಬಿಟ್ಟು ಅನಿಶ್ಚಿತ, ಅಪಾಯ, ತುರ್ತು ಎಂಬ ಮೂರು ಹಂತಗಳಲ್ಲಿ ಮಾತಾಡುತ್ತದೆ. ಮನೆ ಬಿಡಬೇಕೋ ಬೇಡವೋ ಎಂಬುದಕ್ಕೆ ಈ ಮೂರನ್ನೇ ನೋಡಬೇಕು.

ಓದಲು ಅತಿ ಸುಲಭವಾದದ್ದು ಜಪಾನಿನ ಪದ್ಧತಿ. 1ರಿಂದ 5ರವರೆಗಿನ ಮಟ್ಟಗಳು, ಪ್ರತಿ ಮಟ್ಟಕ್ಕೂ ಏನು ಮಾಡಬೇಕೆಂಬ ಸೂಚನೆ: 2 ಎಂದರೆ ಕುಳಿಯ ಹತ್ತಿರ ಹೋಗಬೇಡಿ, 3 ಎಂದರೆ ಬೆಟ್ಟಕ್ಕೇ ಹೋಗಬೇಡಿ, 5 ಎಂದರೆ ಊರು ಬಿಡಿ. ಆದರೆ ಮಟ್ಟ 1 ಎಂದರೆ ಅಪಾಯವೇ ಇಲ್ಲವೆಂದು ತಿಳಿಯಬೇಡಿ. 2014ರ ಸೆಪ್ಟೆಂಬರ್ 27ರಂದು ಒಂಟಾಕೆ ಬೆಟ್ಟ ಸಿಡಿದು 63 ಮಂದಿ ಸತ್ತರು ಅಥವಾ ಕಾಣೆಯಾದರು, ಆಗ ಮಟ್ಟ 1 ಇತ್ತು. 2018ರ ಜನವರಿ 23ರಂದು ಕುಸಾತ್ಸುವಿನ ಮೋಟೋಶಿರಾನೆ ಸಿಡಿದಾಗ ಕಲ್ಲುಗಳು ಸ್ಕೀ ಆಟದ ಇಳಿಜಾರಿನ ಮೇಲೆ ಬಿದ್ದವು, ಆಗಲೂ ಮಟ್ಟ 1. ಎರಡೂ ನೆಲದಡಿಯ ನೀರು ಒಮ್ಮೆಲೇ ಆವಿಯಾಗಿ ಸಿಡಿಯುವ ಬಗೆಯವು. ಇಂಥವಕ್ಕೆ ಮುನ್ಸೂಚನೆ ಬಹಳ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಆದ್ದರಿಂದ ಚಳಿಗಾಲದಲ್ಲಿ ಜೀವಂತ ಜ್ವಾಲಾಮುಖಿಯ ಮೇಲೆ ಸ್ಕೀ ಆಡುವವರಿಗೆ ಹೆಲ್ಮೆಟ್ಟು ಬೀಳುವಿಕೆಯೊಂದಕ್ಕೇ ಅಲ್ಲ. ಆಶ್ರಯ ಕಟ್ಟಡ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಎಷ್ಟು ಮುಂಚೆ, ಯಾವುದರ ಮೂಲಕ

ಬಿರುಗಾಳಿಯ ವಾಚ್ ಒಂದರಿಂದ ಮೂರು ದಿನದ ಅವಕಾಶ ಕೊಡುತ್ತದೆ. ವಾಚ್ ಬಂದ ದಿನವೇ ಸಾಮಾನು ತಂದಿಟ್ಟರೆ ಸಾಕು. 'ಸ್ನೋ ಸ್ಕ್ವಾಲ್ ವಾರ್ನಿಂಗ್', ಅಂದರೆ ಗಾಳಿಯೊಂದಿಗೆ ಒಮ್ಮೆಲೇ ನುಗ್ಗುವ ದಟ್ಟ ಹಿಮದ ಎಚ್ಚರಿಕೆ, ಇದಕ್ಕೆ ಹೊರತು. ಅದು ಅರ್ಧ-ಒಂದು ಗಂಟೆಯ ಮಾತು, ಹೆದ್ದಾರಿಯಲ್ಲಿರುವವರಿಗೇ ಹೇಳಿದ್ದು, ಬಂದ ಕೂಡಲೇ ಮುಂದಿನ ಎಕ್ಸಿಟ್‌ನಲ್ಲಿ ಇಳಿಯಬೇಕು.

ಜ್ವಾಲಾಮುಖಿಯ ಹಳದಿ ತಿಂಗಳುಗಟ್ಟಲೆ ಎಳೆಯಬಹುದು. ಅಲಾಸ್ಕಾದ ರಿಡೌಟ್ ಬೆಟ್ಟವನ್ನು 2009ರ ಜನವರಿ ಕೊನೆಯಲ್ಲಿ ಕಿತ್ತಳೆಗೆ ಏರಿಸಲಾಯಿತು, ಮಾರ್ಚ್‌ನಲ್ಲಿ ಇಳಿಸಲಾಯಿತು, ಮತ್ತೆ ಏರಿಸಲಾಯಿತು. ಸ್ಫೋಟ ಆದದ್ದು ಮಾರ್ಚ್ 22ರ ರಾತ್ರಿ. ಈ ನಡುವೆ ಮಾಸ್ಕು, ಫಿಲ್ಟರ್ ತಂದಿಟ್ಟವರು ಎರಡು ತಿಂಗಳು ಕಾದರು. ಬೂದಿಯ ಸಾಮಾನನ್ನು ಅಡ್ವೈಸರಿ ಮಟ್ಟದಲ್ಲೇ ಕೊಂಡು ಎತ್ತಿಡಿ ಎನ್ನುವುದು ಇದಕ್ಕೇ. ವಾರ್ನಿಂಗ್ ಬಂದ ಮೇಲೆ ಬೂದಿ ತಲುಪಲು ಗಾಳಿಯ ದಿಕ್ಕು ನೋಡಿಕೊಂಡು ಒಂದೆರಡು ಗಂಟೆಯೂ ಸಿಗದಿರಬಹುದು, ಅಂಗಡಿಯಲ್ಲಿ ಮಾಸ್ಕಂತೂ ಸಿಗುವುದಿಲ್ಲ.

ಫೋನು ತಾನಾಗಿ ಕಿರುಚುತ್ತದೆಂದು ನಂಬಿ ಕೂರುವುದು ಇನ್ನೊಂದು ತಪ್ಪು ಆಯ್ಕೆ. ಅಮೆರಿಕದಲ್ಲಿ ತೀವ್ರ ಸ್ನೋ ಸ್ಕ್ವಾಲ್‌ಗೆ ಫೋನಿನ ತುರ್ತು ಅಲರ್ಟ್ ಬರುತ್ತದೆ, ಆದರೆ ಹವಾಮಾನ ಇಲಾಖೆ ಮಾಮೂಲಿ ವಿಂಟರ್ ಸ್ಟಾರ್ಮ್ ವಾರ್ನಿಂಗನ್ನು ಆ ದಾರಿಯಲ್ಲಿ ಕಳಿಸುವುದಿಲ್ಲ. ಇದಕ್ಕೆ ಬ್ಯಾಟರಿ ಹಾಕಿದ ಎನ್‌ಒಎಎ ವೆದರ್ ರೇಡಿಯೋ, ಅಂದರೆ ಸರ್ಕಾರಿ ಹವಾಮಾನ ಪ್ರಸಾರ ಹಿಡಿಯುವ ರೇಡಿಯೋ, ಒಳ್ಳೆಯದು. 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ತರಂಗಾಂತರಗಳಲ್ಲಿ ಹತ್ತಿರದ್ದನ್ನು ಹಿಡಿದು, ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಆರು ಅಂಕಿಯ ಕೋಡ್ ಹಾಕಬೇಕು. ಕೋಡ್ ಹಾಕದೆ ಬಿಟ್ಟರೆ ದೂರದ ಕೌಂಟಿಗಳ ಅಲರ್ಟಿಗೆಲ್ಲ ಬಡಿದುಕೊಂಡು, ಕೊನೆಗೆ ಮನೆಯವರೇ ಅದನ್ನು ಆರಿಸಿಟ್ಟಿರುತ್ತಾರೆ. ಮೊಬೈಲ್ ಟವರ್ ಬಿದ್ದರೂ ಇದು ನಡೆಯುತ್ತದೆ. ಜ್ವಾಲಾಮುಖಿಗೆ ಯುಎಸ್‌ಜಿಎಸ್‌ನ ಉಚಿತ ಇಮೇಲ್ ಸೇವೆಗೆ ಹೆಸರು ಕೊಡಿ, ಬೇಕಾದ ಬೆಟ್ಟಗಳನ್ನಷ್ಟೇ ಆರಿಸಬಹುದು. ಬೆಟ್ಟದ ಮಟ್ಟ ಏರಿದ ಸುದ್ದಿ ಅಲ್ಲಿಂದ ಬರುತ್ತದೆ, ನಿಮ್ಮ ಊರಿನ ಮೇಲೆ ಬೂದಿ ಬೀಳುತ್ತದೆಂಬ ಸುದ್ದಿ ಮಾತ್ರ ಹವಾಮಾನ ಇಲಾಖೆಯಿಂದಲೇ. ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಕಡಿಮೆ ನಿರೀಕ್ಷೆ ಇದ್ದರೆ ಆ್ಯಶ್‌ಫಾಲ್ ಅಡ್ವೈಸರಿ, ಅದಕ್ಕೂ ಹೆಚ್ಚಿದ್ದರೆ ವಾರ್ನಿಂಗ್. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ.

ಜಪಾನಿನಲ್ಲಿ ಬೂದಿಯ ಮುನ್ಸೂಚನೆ ಇನ್ನೂ ಸೂಕ್ಷ್ಮ. 1 ಮಿಲಿಮೀಟರ್ ದಾಟಿದರೆ 'ಬಹಳ', 0.1ರಿಂದ 1ರವರೆಗೆ 'ಸ್ವಲ್ಪ ಹೆಚ್ಚು', ಅದಕ್ಕಿಂತ ಕೆಳಗೆ 'ಕಡಿಮೆ'. ಹಿಮದ ಲೆಕ್ಕಕ್ಕೆ ಒಗ್ಗಿದ ಕಣ್ಣಿಗೆ 1 ಮಿಲಿಮೀಟರ್ ಏನೂ ಅಲ್ಲ, ಬೂದಿಯ ಲೆಕ್ಕದಲ್ಲಿ ಅದೇ ರಸ್ತೆಯ ಗುರುತು ಗೆರೆಗಳನ್ನು ಅಳಿಸಿ, ಕಾರು ಓಡಿಸದಿರುವುದೇ ಮೇಲು ಎನ್ನುವ ಪ್ರಮಾಣ.

ಚಾವಣಿ: ಯಾವಾಗ ಗುಡಿಸಬೇಕು

ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ಆಸುಪಾಸು ತೂಗುತ್ತದೆ. ಒಣ ಬೂದಿ 500ರಿಂದ 1,300 ಕಿಲೋ, ನೆನೆದ ಬೂದಿ 1,000ದಿಂದ 2,000 ಕಿಲೋ. ನೂರು ಚದರ ಮೀಟರಿನ ಚಾವಣಿಗೆ ಲೆಕ್ಕ ಹಾಕಿ: 30 ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಸುಮಾರು ಒಂದೂವರೆಯಿಂದ ಮೂರು ಟನ್, 10 ಸೆಂಟಿಮೀಟರ್ ನೆನೆದ ಬೂದಿ ಕೂತರೆ 10ರಿಂದ 20 ಟನ್. 1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗಲೇ ಯುನ್ಯಾ ಚಂಡಮಾರುತವೂ ಬಂದು ಬೂದಿಯ ಮೇಲೆ ಮಳೆ ಸುರಿಸಿತು. ಆ ದಿನದ ಸಾವುಗಳಲ್ಲಿ ಹೆಚ್ಚಿನವು ಚಾವಣಿ ಕುಸಿದು ಆದವು.

ಹಿಮದ ನಾಡಿನ ಚಾವಣಿ ಭಾರ ತಡೆಯುವಂತೆ ಕಟ್ಟಿರುತ್ತಾರೆ, ನಿಜ. ಹಿಮ ಜಾರುತ್ತದೆ, ಕರಗಿ ಇಳಿಯುತ್ತದೆ. ಬೂದಿ ಕರಗುವುದಿಲ್ಲ, ಮೇಲೆ ಬಿದ್ದ ಹಿಮ ಕರಗಿದರೆ ಆ ನೀರನ್ನೂ ಕುಡಿದು ಕೂರುತ್ತದೆ. ಹಾಗಾಗಿ ಹಿಮವಾದರೆ ಮನೆಯ ಬಾಗಿಲು, ಕಿಟಕಿ ಬಿಗಿಯಾಗುವುದು, ತೊಲೆ ಸದ್ದು ಮಾಡುವುದು ಇಂಥ ಲಕ್ಷಣ ಕಂಡಾಗ ನೆಲದಲ್ಲೇ ನಿಂತು ಉದ್ದ ಹಿಡಿಯ ರೂಫ್ ರೇಕ್‌ನಿಂದ ಎಳೆದರೆ ಸಾಕು. ಬೂದಿಗೆ ಅಷ್ಟು ಕಾಯಬಾರದು. 10 ಸೆಂಟಿಮೀಟರ್ ಆಗುವ ಮೊದಲೇ, ಮಳೆಯೋ ಹಿಮವೋ ಬರುವ ಸೂಚನೆ ಇದ್ದರೆ ಎರಡು-ಮೂರು ಸೆಂಟಿಮೀಟರ್ ಇರುವಾಗಲೇ ತೆಗೆಯಿರಿ. ಹಲಗೆಯಿಂದ ಒಂದೇ ಬದಿ ಖಾಲಿ ಮಾಡಬೇಡಿ, ಭಾರ ಓರೆಯಾಗುತ್ತದೆ, ಎರಡೂ ಬದಿ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಬನ್ನಿ. ಚಾವಣಿಯಿಂದ ಬಿದ್ದು ಗಾಯಗೊಳ್ಳುವುದು ಬೂದಿ ಶುಚಿ ಮಾಡುವವರಲ್ಲಿ ಮಾಮೂಲಿ, ಹಗ್ಗ ಇಲ್ಲದೆ, ಕೆಳಗೆ ಒಬ್ಬರಿಲ್ಲದೆ ಹತ್ತಬಾರದು.

ಬೂದಿ ಏಳದಂತೆ ಮೊದಲು ನೀರು ಚಿಮುಕಿಸಿ ಎಂಬುದು ಎಲ್ಲ ಕೈಪಿಡಿಗಳ ಸಲಹೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅದು ನಡೆಯದು: ಚಿಮುಕಿಸಿದ್ದು ಹೆಪ್ಪುಗಟ್ಟಿ ಬೂದಿಯ ಕೆಳಗೆ ಮಂಜುಗಡ್ಡೆಯ ಪದರವಾಗುತ್ತದೆ, ಕಾಲು ನಿಲ್ಲದು. ಅಂಥ ದಿನ ಮಾಸ್ಕು ಹಾಕಿ, ಒಣ ಬೂದಿಯನ್ನೇ ಹಲಗೆಯಿಂದ ನಿಧಾನ ತಳ್ಳಿ. ಮೈ ಮುಚ್ಚಿಕೊಳ್ಳುವುದರಲ್ಲೂ ಲೆಕ್ಕವಿದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್, ಗಂಟೆಗೆ 24 ಕಿಲೋಮೀಟರ್ ಗಾಳಿ ಇದ್ದರೆ ಚರ್ಮಕ್ಕೆ ತಾಗುವುದು ಮೈನಸ್ 28ರ ಚಳಿ, ತೆರೆದ ಚರ್ಮ 30 ನಿಮಿಷದಲ್ಲಿ ಮರಗಟ್ಟಬಹುದು. ಚಾವಣಿಯ ಮೇಲಿನ ಪಾಳಿ 15-20 ನಿಮಿಷ ಮೀರದಿರಲಿ.

ಮಾಸ್ಕು

ಮಫ್ಲರ್ ಚಳಿಗೆ ಸಾಕು, ಬೂದಿಗೆ ಸಾಲದು. ಬಟ್ಟೆ ಒದ್ದೆ ಮಾಡಿ ಕಟ್ಟಿಕೊಂಡರೆ ಬೂದಿ ತಡೆಯುತ್ತದೆಂಬ ಮಾತು ಎಲ್ಲ ಕಡೆ ಇದೆ, ಪರೀಕ್ಷೆಯಲ್ಲಿ ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಹೆಚ್ಚೇನೂ ಸೋಸಲಿಲ್ಲ. ಚಳಿಯಲ್ಲಂತೂ ಒದ್ದೆ ಬಟ್ಟೆ ಮುಖಕ್ಕೇ ಹೆಪ್ಪುಗಟ್ಟುತ್ತದೆ. ಸರ್ಜಿಕಲ್ ಮಾಸ್ಕಿನ ಪದರ ಪರವಾಗಿಲ್ಲ, ಕೆನ್ನೆಯ ಪಕ್ಕದ ಸಂದಿನಿಂದ ಗಾಳಿ ನುಗ್ಗುವುದೇ ಅದರ ತೊಂದರೆ.

ಎನ್95, ಯುರೋಪಿನ ಎಫ್‌ಎಫ್‌ಪಿ2, ಜಪಾನಿನ ಡಿಎಸ್2 ಇವು ಹೆಚ್ಚುಕಡಿಮೆ ಒಂದೇ ದರ್ಜೆ, ಇವುಗಳಲ್ಲಿ ಯಾವುದಾದರೂ ಸರಿ. ಬ್ರ್ಯಾಂಡಿಗಿಂತ ಮುಖಕ್ಕೆ ಕೂರುವುದು ಮುಖ್ಯ: ಎರಡೂ ಅಂಗೈ ಮಾಸ್ಕಿನ ಮೇಲಿಟ್ಟು ಜೋರಾಗಿ ಉಸಿರು ಬಿಡಿ, ಅಂಚಿನಲ್ಲಿ ಗಾಳಿ ತಾಗಿದರೆ ಮೂಗಿನ ತಂತಿ ಒತ್ತಿ ಸರಿಪಡಿಸಿ. ಗಡ್ಡ ಇದ್ದರೆ ಯಾವ ಮಾಸ್ಕೂ ಕೂರದು. ಚಳಿಯಲ್ಲಿ ಉಸಿರಿನ ತೇವ ಮಾಸ್ಕಿನಲ್ಲಿ ಸೇರಿ ಉಸಿರಾಟ ಬಿಗಿಯಾಗುತ್ತದೆ. ಒಬ್ಬರಿಗೆ ದಿನಕ್ಕೆ ಎರಡು-ಮೂರರ ಲೆಕ್ಕ ಹಿಡಿಯಿರಿ, ಒದ್ದೆಯಾದದ್ದನ್ನು ಬದಲಿಸಿ, ಮಫ್ಲರನ್ನು ಮಾಸ್ಕಿನ ಮೇಲೆ ಸುತ್ತಿ, ಕೆಳಗಲ್ಲ. ಗಂಟೆಗಟ್ಟಲೆ ಬೂದಿ ಎತ್ತುವವರು ರಬ್ಬರಿನ ಅರೆಮುಖ ಮಾಸ್ಕಿಗೆ ಪಿ100 ಫಿಲ್ಟರ್ ಹಾಕಿಕೊಳ್ಳುವುದು ಲೇಸು. ಇವೆಲ್ಲ ಕಣಗಳನ್ನು ತಡೆಯುತ್ತವೆ ಅಷ್ಟೆ. ಗಂಧಕದ ಅನಿಲವನ್ನಾಗಲಿ ಕಾರ್ಬನ್ ಮಾನಾಕ್ಸೈಡನ್ನಾಗಲಿ ಎನ್95 ತಡೆಯದು.

ಕಣ್ಣಿಗೆ ಸ್ಕೀ ಗಾಗಲ್ ಇದೆಯಲ್ಲ ಎಂದರೆ, ಅದರ ಸುತ್ತ ಗಾಳಿಯಾಡುವ ತೂತುಗಳಿವೆ, ಸಣ್ಣ ಬೂದಿ ಒಳಗೆ ಬರುತ್ತದೆ. ತೂತಿಲ್ಲದ ಸೇಫ್ಟಿ ಗಾಗಲ್ ಬೇರೆಯೇ ಇಡಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ.

ಮನೆ ಬೆಚ್ಚಗಿಡುವುದು: ನಿಜವಾದ ಇಕ್ಕಟ್ಟು

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ಬೂದಿಗೆಂದು ಟೇಪು ಹಚ್ಚಿ ಮುಚ್ಚಿದ ಮನೆಯಲ್ಲಿ ಏನನ್ನಾದರೂ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯಲ್ಲಿ ಇಬ್ಬರು-ಮೂವರಿಗೆ ಒಟ್ಟಿಗೇ ತಲೆನೋವು, ಓಕರಿಕೆ, ತಲೆಸುತ್ತು ಬಂದರೆ ಫ್ಲೂ ಎಂದುಕೊಳ್ಳದೆ ಮಾಸ್ಕು ಹಾಕಿಕೊಂಡು ಹೊರಗೆ ಹೋಗಿ. ಬೂದಿ ಕುಡಿದರೆ ಕೆಮ್ಮು, ಮಾನಾಕ್ಸೈಡ್ ಕುಡಿದರೆ ಸಾವು.

ಮೊದಲು ಚಿಮಣಿ ಇಲ್ಲದ ಸೀಮೆಎಣ್ಣೆ ಹೀಟರು, ಪ್ರೊಪೇನ್ ಹೀಟರು. ಬಿರುಗಾಳಿಯ ದಿನ ಕಿಟಕಿ ಎರಡು ಬೆರಳು ತೆರೆದಿಟ್ಟು ಇದನ್ನು ಬಳಸುವವರಿದ್ದಾರೆ. ಬೂದಿಯ ದಿನ ಕಿಟಕಿ ತೆರೆಯುವಂತಿಲ್ಲ, ಆದ್ದರಿಂದ ಇದನ್ನು ಹಚ್ಚುವಂತೆಯೂ ಇಲ್ಲ. ಒಂದು ಕಿಲೋ ಪ್ರೊಪೇನ್ ಪೂರ್ತಿ ಚೊಕ್ಕವಾಗಿ ಉರಿದರೂ ಮೂರು ಕಿಲೋ ಇಂಗಾಲದ ಡೈಆಕ್ಸೈಡ್, 1.6 ಕಿಲೋ ನೀರಾವಿ ಕೋಣೆಗೇ ಬರುತ್ತದೆ. ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ ಕೋಣೆಗೆ ಗಾಳಿ ಸಾಲುತ್ತಿಲ್ಲ ಎಂದೇ ತಿಳಿಯಿರಿ.

ಚಿಮಣಿ ಇರುವ ಕಟ್ಟಿಗೆ ಒಲೆ ವಿದ್ಯುತ್ ಕೇಳುವುದಿಲ್ಲ, ಹಿಮದ ನಾಡಿನಲ್ಲಿ ಅದೇ ಅದರ ದೊಡ್ಡ ಗುಣ. ಆದರೆ ಅದು ಉರಿಯಲು ಕೋಣೆಯ ಗಾಳಿಯನ್ನೇ ಎಳೆಯುತ್ತದೆ. ಸಂದು ಮುಚ್ಚಿದ ಮನೆಯಲ್ಲಿ ಎಳೆತ ಸೋತು ಹೊಗೆ ಹಿಂದಕ್ಕೆ ಬರುತ್ತದೆ, ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಇನ್ನೂ ಬೇಗ. ಒಲೆ ಹಚ್ಚಲೇಬೇಕಾದರೆ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿದ ಒಂದು ಕಿಟಕಿಯನ್ನು ಕೊಂಚ ತೆರೆದು, ಆ ಸಂದಿಗೆ ಫರ್ನೇಸಿನ, ಅಂದರೆ ಮನೆ ಬಿಸಿಮಾಡುವ ಯಂತ್ರದ, ಫಿಲ್ಟರ್ ಒಂದನ್ನು ಟೇಪು ಹಚ್ಚಿ ಕೂರಿಸಿ. ಗಾಳಿ ಬರುತ್ತದೆ, ಬೂದಿಯ ಬಹುಪಾಲು ಹೊರಗೇ ಉಳಿಯುತ್ತದೆ. ಮರದ ಪುಡಿಯ ಗುಳಿಗೆ ಉರಿಸುವ ಪೆಲೆಟ್ ಒಲೆಗೆ ವಿದ್ಯುತ್ ಬೇಕು ಎಂಬುದನ್ನು ಕೊಳ್ಳುವಾಗ ಹಲವರು ಮರೆಯುತ್ತಾರೆ.

ಎರಡು ಪೈಪಿನ, ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಹೊಗೆ ಬಿಡುವ ಡೈರೆಕ್ಟ್ ವೆಂಟ್ ಫರ್ನೇಸ್ ಈ ಇಕ್ಕಟ್ಟಿಗೆ ಒಳ್ಳೆಯ ಉತ್ತರ, ಕೋಣೆಯ ಗಾಳಿಗೂ ಉರಿಗೂ ಸಂಬಂಧವಿಲ್ಲ. ಕೆಡುವುದು ಹೊರಗಿನ ಪೈಪಿನ ಬಾಯಿಯಲ್ಲಿ. ಹಿಮ ರಾಶಿಬಿದ್ದರೆ ಪೈಪು ಮುಚ್ಚುತ್ತದೆ, ಬೂದಿ ಬಿದ್ದರೆ ಅದು ಒಳಗೆಳೆದುಕೊಂಡು ಬರ್ನರ್ ಕೆಡಿಸಿಕೊಳ್ಳುತ್ತದೆ. ಬಿರುಗಾಳಿಯಲ್ಲಿ ಮೂರು-ನಾಲ್ಕು ಗಂಟೆಗೊಮ್ಮೆ ಪೈಪಿನ ಬಾಯಿ ನೋಡಿ. ಬೂದಿ ದಟ್ಟವಾಗಿ ಸುರಿಯುವ ಹೊತ್ತಿನಲ್ಲಿ ಫರ್ನೇಸ್ ಆರಿಸಿ, ಕಡಿಮೆಯಾದ ಮೇಲೆ ಸುತ್ತ ಗುಡಿಸಿ, ಮತ್ತೆ ಹಚ್ಚಿ. ಒಳಗಿನ ಫಿಲ್ಟರಿನ ಮೂರು-ನಾಲ್ಕು ಬಿಡಿ ಕೈಯಲ್ಲಿರಲಿ. ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಹೀಟ್ ಪಂಪಿನ ಹೊರ ಯಂತ್ರಕ್ಕೂ ಇದೇ ಕತೆ, ರೆಕ್ಕೆಗಳ ನಡುವೆ ಬೂದಿ ಕೂತರೆ ಶಾಖ ಬರದು.

ವಿದ್ಯುತ್ ಹೀಟರು ಚೊಕ್ಕಟ, ಎಲ್ಲರೂ ಒಮ್ಮೆಲೇ ಹಾಕುವವರೆಗೆ. 2024ರ ಫೆಬ್ರವರಿ 8ರಂದು ರೇಕ್ಯಾನೆಸ್‌ನಲ್ಲಿ ಲಾವಾ ಹರಿದು ಸ್ವಾರ್ಟ್ಸೆಂಗಿಯಿಂದ ಬರುವ ಬಿಸಿನೀರಿನ ಕೊಳವೆ ಮಾರ್ಗವನ್ನು ಮುರಿಯಿತು. ನಡು ಚಳಿಗಾಲದಲ್ಲಿ ಸಾವಿರಾರು ಮನೆಗಳ ಬಿಸಿ ನಿಂತಿತು, ಜನ ವಿದ್ಯುತ್ ಹೀಟರಿಗೆ ಮುಗಿಬಿದ್ದರು, ತಂತಿ ತಾಳದೆಂದು ಬಳಕೆ ಮಿತಿಗೊಳಿಸುವಂತೆ ಅಧಿಕಾರಿಗಳು ಕೇಳಬೇಕಾಯಿತು. ಜ್ವಾಲಾಮುಖಿ ಸುಟ್ಟು ಮಾತ್ರ ಕೊಲ್ಲುವುದಿಲ್ಲ, ಚಳಿಗೂ ದೂಡಬಲ್ಲದು. ವಿದ್ಯುತ್ ಹೋಗುವ ಬಗೆಯಲ್ಲೂ ವ್ಯತ್ಯಾಸವಿದೆ. ಹೆಪ್ಪುಗಟ್ಟುವ ಮಳೆ ತಂತಿಯ ಮೇಲೆ ಕಾಲು ಇಂಚು ಗಡ್ಡೆ ಕಟ್ಟಿದಾಗ ಭಾರಕ್ಕೆ ತಂತಿಯೂ ಕೊಂಬೆಗಳೂ ಮುರಿಯುತ್ತವೆ, ರಿಪೇರಿಗೆ ದಿನಗಳೇ ಬೇಕು. ಒಣ ಬೂದಿ ವಿದ್ಯುತ್ ಹರಿಸದು, ಅದರ ಮೇಲೆ ತುಂತುರು ಬಿದ್ದ ಕೂಡಲೇ ಹರಿಸುತ್ತದೆ, ಇನ್ಸುಲೇಟರುಗಳಲ್ಲಿ ಕಿಡಿ ಹಾರಿ ಲೈನು ಬೀಳುತ್ತದೆ. ಬೂದಿ ನಿಂತ ಮರುದಿನ ತುಂತುರು ಇದೆಯೇ ಎಂದು ನೋಡಿ, ಫೋನು, ಬ್ಯಾಟರಿ ಎಲ್ಲ ಮೊದಲೇ ಚಾರ್ಜ್ ಮಾಡಿಡಿ.

ಜನರೇಟರು ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆಯ ಬಾಯಿ ಆಚೆಗೆ. ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟರೂ ಕೂಡದು. ಬೂದಿಯಲ್ಲಿ ಅದರ ಏರ್ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ, ಬಿಡಿ ಫಿಲ್ಟರ್ ಇಲ್ಲದಿದ್ದರೆ ಹಚ್ಚದಿರುವುದೇ ಮೇಲು. ಒಂದು ಕಿಲೋವ್ಯಾಟ್-ಅವರ್‌ನ ಬ್ಯಾಟರಿ ಪೆಟ್ಟಿಗೆ 500 ವ್ಯಾಟಿನ ಫರ್ನೇಸ್ ಫ್ಯಾನನ್ನು ಎರಡು ಗಂಟೆಗೂ ಕಡಿಮೆ ಓಡಿಸುತ್ತದೆ, ಫೋನು, ರೇಡಿಯೋ, ದೀಪಕ್ಕಾದರೆ ದಿನಗಟ್ಟಲೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒಳಗೆ ಹಾಳಾಗುತ್ತದೆ. ಅದನ್ನು ಕಾರಿನಲ್ಲಿ ಬಿಡದೆ ಮನೆಯೊಳಗೆ ಇಡಿ.

ಎರಡೂ ಎಚ್ಚರಿಕೆ ಒಟ್ಟಿಗೆ ಇದ್ದರೆ ನಮ್ಮ ಆಯ್ಕೆ ಇಷ್ಟು: ಒಂದೇ ಕೋಣೆ, ಕಿಟಕಿಗೆ ಟೇಪು, ಬಾಗಿಲಡಿಗೆ ಟವೆಲ್, ಮೈನಸ್ ಡಿಗ್ರಿಯ ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗು, ಎಲ್ಲರೂ ಅಲ್ಲೇ, ಏನನ್ನೂ ಉರಿಸದೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಕೊಡುತ್ತಾನೆ, ಸಣ್ಣ ಕೋಣೆಗೆ ನಾಲ್ವರು ಎಂದರೆ ಕಡಿಮೆಯಲ್ಲ. ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಆ ಕೋಣೆಯಲ್ಲೇ ಇರಲಿ, ಹಿಂಬದಿಯಲ್ಲಿ ಅಚ್ಚಾದ ಮುಗಿಯುವ ವರ್ಷ ನೋಡಿಕೊಳ್ಳಿ.

ಕಾರು

ಹಿಮದಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆಯಬೇಡಿ. ಸೈಲೆನ್ಸರ್ ಕೊಳವೆಯ ಸುತ್ತ ಹಿಮ ತೆಗೆದು, ಗಂಟೆಗೆ 10 ನಿಮಿಷ ಎಂಜಿನ್ ಓಡಿಸಿ, ಕಿಟಕಿ ಒಂದಿಷ್ಟು ತೆರೆದಿರಲಿ. ಬೂದಿಯಲ್ಲಿ ಎಂಜಿನ್ ಆರಿಸಿ ಕಿಟಕಿ ಮುಚ್ಚಿ, ದಟ್ಟಣೆ ಕಡಿಮೆಯಾಗುವವರೆಗೆ ಕಾಯಿರಿ. ಓಡಿಸಲೇಬೇಕಾದರೆ ಗಂಟೆಗೆ 55 ಕಿಲೋಮೀಟರ್ ಒಳಗೆ, ಮುಂದಿನ ಕಾರಿನಿಂದ ಬಹಳ ದೂರ, ಅದೆಬ್ಬಿಸುವ ಬೂದಿ ನಿಮ್ಮ ಏರ್ ಫಿಲ್ಟರಿಗೇ ಬರುತ್ತದೆ. ದಟ್ಟ ಬೂದಿಯಲ್ಲಿ ಓಡಿದ ಎಂಜಿನ್ನಿಗೆ 80ರಿಂದ 160 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕು ಎನ್ನುತ್ತದೆ ಯುಎಸ್‌ಜಿಎಸ್ ಸಲಹೆ. ಆ ಖರ್ಚು ನೋಡಿದರೆ ಮನೆಯಲ್ಲೇ ಕೂರುವುದು ಅಗ್ಗ.

ಒಳಗಿನ ಗಾಳಿಯ ಗುಂಡಿಯೂ ಉಲ್ಟಾ. ಚಳಿಯಲ್ಲಿ ಗಾಜಿನ ಮಬ್ಬು ಹೋಗಲು ಹೊರಗಿನ ಗಾಳಿ ಬೇಕು, ಬೂದಿಯಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸಬೇಕು. ಎರಡೂ ಇದ್ದಾಗ ಗಾಜು ಮಬ್ಬಾಗುತ್ತದೆ, ಬಹಳ ಚಳಿಯಲ್ಲಿ ಎಸಿಯ ಕಂಪ್ರೆಸರ್ ಓಡದ ಕಾರಣ ತೇವ ತೆಗೆಯಲು ಅದೂ ಇರದು. ಒಣ ಬಟ್ಟೆಯಿಂದ ಒಳಗಾಜು ಒರೆಸುತ್ತಾ ಕಾರು ನಿಲ್ಲಿಸಬಹುದಾದ ಹತ್ತಿರದ ಜಾಗದವರೆಗೆ ಹೋಗುವುದಷ್ಟೇ ದಾರಿ. ಬೂದಿಯ ಮೇಲೆ ಒಣ ವೈಪರ್ ಹಾಕಬೇಡಿ, ಅದು ಗಾಜಿನ ಪುಡಿ, ಗೀರು ಉಳಿಯುತ್ತದೆ. ಬೂದಿ ಬೆರೆತು ಹೆಪ್ಪುಗಟ್ಟಿದ ಮಂಜನ್ನೂ ಸ್ಕ್ರೇಪರಿನಿಂದ ಕೆರೆಯಬೇಡಿ. ಡಿಫ್ರಾಸ್ಟರ್ ಹಾಕಿ ಸಡಿಲವಾದ ಮೇಲೆ, ಚಳಿಗೆ ಹೆಪ್ಪುಗಟ್ಟದ ವಾಷರ್ ದ್ರವವನ್ನು ಧಾರಾಳ ಸುರಿದು ಇಳಿಸಿ. ಎರಡು ಕ್ಯಾನ್ ಡಿಕ್ಕಿಯಲ್ಲಿರಲಿ.

ವಿಮಾನ

ಹಿಮಕ್ಕೆ ವಿಮಾನ ತಡವಾದರೆ ಕಾಯಿರಿ. ರೆಕ್ಕೆಗೆ ದ್ರವ ಸಿಂಪಡಿಸುತ್ತಾರೆ, ರನ್‌ವೇ ಗುಡಿಸುತ್ತಾರೆ, ಗಂಟೆಗಳಲ್ಲಿ ಹೊರಡುತ್ತದೆ. ಬೂದಿಗೆ ರದ್ದಾದರೆ ಕಾಯುವುದು ಬೇಡ, ಬೂದಿಯ ಮೋಡದಿಂದ ದೂರದ ಬೇರೆ ವಿಮಾನ ನಿಲ್ದಾಣಕ್ಕೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವ ದಾರಿ ನೋಡಿ. ಬೂದಿ ಸುಮಾರು 1,100 ಡಿಗ್ರಿಯಲ್ಲಿ ಕರಗುತ್ತದೆ, ಜೆಟ್ ಎಂಜಿನ್ನಿನ ಒಳಗೆ ಅದಕ್ಕೂ ಹೆಚ್ಚಿನ ಬಿಸಿ ಇರುತ್ತದೆ, ಕರಗಿದ ಗಾಜು ಟರ್ಬೈನಿಗೆ ಅಂಟಿ ಗಾಳಿಯ ದಾರಿ ಕಟ್ಟುತ್ತದೆ. 1989ರ ಡಿಸೆಂಬರ್ 15ರಂದು ರಿಡೌಟ್‌ನ ಬೂದಿ ಹೊಕ್ಕ ಕೆಎಲ್‌ಎಂ 867ರ ನಾಲ್ಕೂ ಎಂಜಿನ್ ನಿಂತವು, ಕೆಳಗಿಳಿಯುತ್ತಾ ಮತ್ತೆ ಹತ್ತಿಕೊಂಡದ್ದರಿಂದ ಆಂಕರೇಜ್‌ನಲ್ಲಿ ಇಳಿಯಿತು. ಬೂದಿ ಸಲಹಾ ಕೇಂದ್ರಗಳು ಆರಾರು ಗಂಟೆಗೆ ನಕ್ಷೆ ಹೊರಡಿಸುತ್ತವೆ, ಮುಂದಿನ 18 ಗಂಟೆಯ ಮೋಡದ ದಾರಿ ಅದರಲ್ಲಿರುತ್ತದೆ. ನಿಮ್ಮ ನಿಲ್ದಾಣ ಆ ಗೆರೆಯೊಳಗೇ ಉಳಿದಿದ್ದರೆ ಇವತ್ತು ಹೊರಡುವ ಆಸೆ ಬಿಡಿ.

ಉಳಿಯುವುದೋ, ಹೊರಡುವುದೋ

ಬ್ಲಿಝಾರ್ಡ್ ವಾರ್ನಿಂಗ್ ಎಂದರೆ ಗಂಟೆಗೆ 56 ಕಿಲೋಮೀಟರ್ ಅಥವಾ ಹೆಚ್ಚಿನ ಗಾಳಿ, ಕಾಲು ಮೈಲಿಗಿಂತ ಕಡಿಮೆ ಕಾಣುವ ದೂರ, ಅದೂ ಮೂರು ಗಂಟೆ ಅಥವಾ ಹೆಚ್ಚು. ಉಳಿಯಿರಿ, ಚರ್ಚೆಯೇ ಬೇಡ. ಬರೀ ಬೂದಿ ಬೀಳುವುದಾದರೂ ಉಳಿಯಿರಿ. ಲಾವಾ, ಬಿಸಿಮೋಡ (ಬೆಟ್ಟದಿಂದ ಉರುಳಿ ಬರುವ ಸುಡುವ ಅನಿಲ, ಬೂದಿ), ಕೆಸರು ಪ್ರವಾಹ ಇವುಗಳ ದಾರಿಯಲ್ಲಿದ್ದರೆ ಹೊರಡಿ ಎಂದಾಗ ಹೊರಡಿ, ಹಿಮ ಬೀಳುತ್ತಿದ್ದರೂ.

ಕೆಸರು ಪ್ರವಾಹ, ಅಂದರೆ ಲಹಾರ್, ಹಿಮ ಮತ್ತು ಜ್ವಾಲಾಮುಖಿ ಕೈಜೋಡಿಸಿದ ಅಪಾಯ. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್‌ನಲ್ಲಿ ಆದದ್ದು ಅಂಥ ದೊಡ್ಡ ಸ್ಫೋಟವೇನಲ್ಲ. ಶಿಖರದ ಹಿಮ ಕರಗಿ ಕಣಿವೆಗಳಲ್ಲಿ ಇಳಿದ ಕೆಸರು ಆರ್ಮೆರೊ ಪಟ್ಟಣವನ್ನು ಮುಚ್ಚಿತು, ಒಟ್ಟು ಸುಮಾರು 23,000 ಮಂದಿ ಸತ್ತರು. ರೈನಿಯರ್ ತಪ್ಪಲಿನ ಊರುಗಳಲ್ಲಿ ಇದಕ್ಕೆಂದೇ ಸಂವೇದಕಗಳೂ ಸೈರನ್‌ಗಳೂ ಇವೆ. ಸೈರನ್ ಕೇಳಿದರೆ ಕಾರು ಹುಡುಕಬೇಡಿ. ಹಿಮಗಟ್ಟಿದ ಒಂದೇ ರಸ್ತೆಯಲ್ಲಿ ಊರೆಲ್ಲ ಸಾಲುಗಟ್ಟಿದರೆ ಯಾರೂ ಮುಂದೆ ಹೋಗರು. ಕಣಿವೆಯ ಉದ್ದಕ್ಕೆ ಓಡದೆ ಅಡ್ಡಕ್ಕೆ, ಅಂದರೆ ಹತ್ತಿರದ ಎತ್ತರಕ್ಕೆ, ಕಾಲ್ನಡಿಗೆಯಲ್ಲಿ. ಆ ದಾರಿಯನ್ನು ಹಿಮ ಬಿದ್ದ ದಿನವೇ ಒಮ್ಮೆ ನಡೆದು ನೋಡಿ, ಬೇಸಿಗೆಯಲ್ಲಿ ಹತ್ತು ನಿಮಿಷದ ಏರು ಚಳಿಗಾಲದಲ್ಲಿ ಇಪ್ಪತ್ತೈದು ಆಗಬಹುದು. ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ, ಟೋಪಿ, ಕೈಗವಸು ಬಾಗಿಲ ಬಳಿಯೇ ತೂಗಿರಲಿ.

ಶುಚಿ ಮಾಡುವಾಗ ಒಂದು ಮಾತು. ಬೂದಿ ಬೆರೆತ ಹಿಮವನ್ನು ಕರಗಿಸಿ ಕುಡಿಯಬೇಡಿ, ಸಾಕಿದ ಪ್ರಾಣಿಗಳಿಗೂ ಕೊಡಬೇಡಿ, ಫ್ಲೋರೈಡ್ ಸೇರಿರಬಹುದು. ಚರಂಡಿಗೂ ತಳ್ಳಬೇಡಿ. ಹಿಮ ಕರಗಿ ಹೋಗುತ್ತದೆ, ಬೂದಿ ಕೊಳವೆಯಲ್ಲಿ ಸಿಮೆಂಟಿನಂತೆ ಕೂತು ವಸಂತದ ಮೊದಲ ಮಳೆಗೆ ನೀರನ್ನು ಮನೆಯತ್ತ ತಿರುಗಿಸುತ್ತದೆ. ದಪ್ಪ ಚೀಲಗಳಲ್ಲಿ, ಎತ್ತಲಾಗುವಷ್ಟೇ, ಅಂದರೆ ಮೂರನೇ ಒಂದು ಭಾಗ ತುಂಬಿ, ಊರಿನ ಆಡಳಿತ ಹೇಳಿದ ಜಾಗಕ್ಕೆ ಹಾಕಿ.